ಆಯಿ ತೊಳೆದ ತೋಪು

ನಡುಮನೆಯಿಂದ ಹಿತ್ತಲಿಗೆ ಹೋಗುವಲ್ಲಿ, ಒಲೆಯಿಂದ ಆದಷ್ಟು ದೂರದ ಗೋಡೆಯೊಳಗೆ, ಒಂದು ಆಳವಾದ ಮಾಡ ಇತ್ತು. ಅದರಲ್ಲಿ ಮೂರು ಗಡಿಗೆಗಳು. ಒಂದರಲ್ಲಿ ಕರಿಎಳ್ಳು, ಒಂದರಲ್ಲಿ ಗುರೆಳ್ಳು, ಮೂರನೆಯದರಲ್ಲಿ ತೋಪಿಗೆ ತುಂಬುವ ಸಿಡಿಮದ್ದು. ಒಳಗಿದ್ದದ್ದು ಮೂರೂ ಕಪ್ಪು, ಮೂರರ ಬಾಯಿಗೂ ಬಿಳಿ ಅರಿವೆ. ಬೇರೆ ಕಡೆ ಮದ್ದನ್ನು ಚರ್ಮದ ಚೀಲದಲ್ಲಿ ಇಡುತ್ತಿದ್ದರಂತೆ. ನಾವು ಜೈನರು, ಚರ್ಮ ಹೊಸ್ತಿಲು ದಾಟುವಂತಿರಲಿಲ್ಲ. ಗಡಿಗೆಯ ಬಾಯಿಗೆ ಮೇಣ ಬಳಿಯೋಣವೆಂದರೆ ಮೇಣ ಜೇನುಹುಳದ್ದು. ಅರಗು ಬಳಿಯೋಣವೆಂದರೆ ಅದೂ ಒಂದು ಹುಳದ್ದೇ. ಹೀಗೆ ಒಂದೊಂದನ್ನೇ ಬಿಡುತ್ತ ಬಂದು ನಮ್ಮ ಹಿರಿಯರು ಕೊನೆಗೆ ಅರಿವೆಯ ಮೇಲೆ ಕೆಮ್ಮಣ್ಣು ಮೆತ್ತುವುದಕ್ಕೆ ನಿಂತಿದ್ದರು. ಮಧ್ಯಾಹ್ನದ ಬಿಸಿಲು ಬೆಳಕಿಂಡಿಯಿಂದ ಇಳಿದು ಆ ಮಾಡದ ಮೇಲೆ ಬೀಳುವಾಗ ಕೆಮ್ಮಣ್ಣು ಬೆಚ್ಚಗಾಗಿ ಒಂದು ವಾಸನೆ ಬರುತ್ತಿತ್ತು. ಈಗಲೂ ಒಮ್ಮೊಮ್ಮೆ ಕನಸಿನಲ್ಲಿ ಆ ವಾಸನೆ ಮೊದಲು ಬರುತ್ತದೆ, ಮನೆ ಆಮೇಲೆ ಬರುತ್ತದೆ. ಅಪ್ಪನ ತಾಯಿಗೆ ನಾವು ಆಯಿ ಎನ್ನುತ್ತಿದ್ದೆವು. ನಾನು ಎಳ್ಳು ಕದಿಯಲು ಮಾಡದ ಹತ್ತಿರ ಹೋದಾಗಲೆಲ್ಲ ಆಯಿ ಹೇಳುತ್ತಿದ್ದದ್ದು ಒಂದೇ ಮಾತು.

“ಪದ್ಮಿ, ಹಸಿ ಕೈ ಹಚ್ಚಬ್ಯಾಡ. ಮೊದಲ ಕೈ ಒರಸ್ಕೊ.”

ಮೂರು ಗಡಿಗೆಗಳಿಗೂ ಅದೇ ನಿಯಮ. ಎಳ್ಳಿಗಿಂತ ಮದ್ದು ಬೇರೆ ಎಂದು ನನಗೆ ಬಹಳ ದಿನ ತಿಳಿದಿರಲಿಲ್ಲ.

ನಮ್ಮ ಊರು ಬನಹಟ್ಟಿಯಿಂದ ಚಕ್ಕಡಿಯಲ್ಲಿ ಅರ್ಧ ದಿನದ ದಾರಿ, ಕೃಷ್ಣೆಯ ಕಡೆಗೆ. ಆ ಸೀಮೆಯಲ್ಲಿ ಸಂಸ್ಥಾನಗಳು ತೇಪೆ ಹಾಕಿದ ಕೌದಿಯಂತೆ ಹರಡಿಕೊಂಡಿದ್ದವು. ಎತ್ತು ಮೇಯುತ್ತ ಮೇಯುತ್ತ ಒಂದು ಸಂಸ್ಥಾನದಿಂದ ಇನ್ನೊಂದಕ್ಕೆ ಹೋಗಿಬಿಡುತ್ತಿತ್ತು. ನಮ್ಮ ಹಿತ್ತಲಿಗೆ ಅಂಟಿಕೊಂಡು ಊರಿನ ಹುಡೇವು, ಅಂದರೆ ಕಲ್ಲು ಮಣ್ಣಿನ ದುಂಡು ಬುರುಜು, ನಿಂತಿತ್ತು. ಅದರ ಮೇಲೆ ತೋಪು. ಬಹಳ ದೊಡ್ಡದಲ್ಲ, ನಾನು ಅದರ ಬೆನ್ನ ಮೇಲೆ ಮಲಗಿದರೆ ತಲೆ ಒಂದು ತುದಿಗೆ, ಹಿಮ್ಮಡಿ ಇನ್ನೊಂದು ತುದಿಗೆ ಬರುತ್ತಿತ್ತು. ಅಪ್ಪ ಹೇಳುತ್ತಿದ್ದ ಕಥೆ ಇಷ್ಟೆ. ಯಾವುದೋ ಕಾಲದಲ್ಲಿ ಯಾವುದೋ ದಂಡು ಯಾವುದೋ ಕೋಟೆಯನ್ನು ಮುತ್ತಲು ಈ ದಾರಿಯಲ್ಲಿ ಹೋಗುತ್ತಿತ್ತು. ನಮ್ಮ ಹೊಲದ ಕರಿಮಣ್ಣಿನಲ್ಲಿ ತೋಪಿನ ಬಂಡಿಯ ಗಾಲಿ ಹೂತು ಅಚ್ಚು ಮುರಿಯಿತು. ದಂಡಿನವರು ನಮ್ಮ ಹಿರಿಯರನ್ನು ಕರೆದು, ತಿರುಗಿ ಬರುವ ತನಕ ಇದನ್ನು ನೋಡಿಕೊಳ್ಳಿ ಎಂದರು. ತಿರುಗಿ ಬರಲಿಲ್ಲ. ಮುಂದೆ ಬಂದ ಸಂಸ್ಥಾನಿಕರು ತೋಪನ್ನು ಕಾಯುವ ಚಾಕರಿಗೆಂದು ಹೊಳೆಯ ಮಗ್ಗುಲಿನ ಹೊಲವನ್ನು ನಮಗೆ ಕಂದಾಯವಿಲ್ಲದ ಮಾನ್ಯವಾಗಿ ಬಿಟ್ಟುಕೊಟ್ಟರು. ನಮ್ಮ ಹಿರಿಯರು ಒಂದೇ ಒಂದು ಕರಾರು ಹಾಕಿದ್ದರು: ವರ್ಷಕ್ಕೊಮ್ಮೆ ಆಯುಧಪೂಜೆಯ ಖಂಡೇನವಮಿಗೆ ತೋಪು ಹಾರಿಸುತ್ತೇವೆ, ಆದರೆ ಗುಂಡು ಹಾಕುವುದಿಲ್ಲ. ಮದ್ದು, ಅದರ ಮುಂದೆ ನೀರು ಗಾಳಿಸಿ, ಅಂದರೆ ಸೋಸಿ ಸೋಸಿ, ಹರಿದುಹೋದ ಹಳೆಯ ಅರಿವೆಯ ಉಂಡೆ, ಅಷ್ಟೆ. ಆ ಹೊಲದ ಜೋಳವೇ ನಮ್ಮ ಮನೆಯ ರೊಟ್ಟಿ. ಬೇರೆ ಹೊಲ ನಮಗಿರಲಿಲ್ಲ.

ಆಯಿ ತೋಪನ್ನು ನೋಡಿಕೊಳ್ಳುತ್ತಿದ್ದ ರೀತಿ ಅವಳು ಬಾವಿಯನ್ನು ನೋಡಿಕೊಳ್ಳುತ್ತಿದ್ದ ರೀತಿಯೇ. ನಮ್ಮಲ್ಲಿ ನೀರನ್ನು ಎರಡು ಪದರು ಅರಿವೆಯಲ್ಲಿ ಗಾಳಿಸಿ ಕುಡಿಯುತ್ತಾರೆ. ಗಾಳಿಸಿದ ಮೇಲೆ ಅರಿವೆಯನ್ನು ಕೊಡವುವುದಿಲ್ಲ, ಹಿಂಡುವುದಿಲ್ಲ. ಅದನ್ನು ಮಗುಚಿ, ಮೇಲೆ ಗಾಳಿಸಿದ ನೀರು ಹೊಯ್ದು, ಅದರಲ್ಲಿ ಸಿಕ್ಕ ಕಣ್ಣಿಗೆ ಕಾಣದ ಜೀವಗಳನ್ನು ಒಂದು ಸಣ್ಣ ಕೊಡದಲ್ಲಿ ಹಿಡಿದು, ಅದೇ ಬಾವಿಯ ನೀರಿಗೆ ಮೆಲ್ಲಗೆ ಇಳಿಬಿಡುತ್ತಾರೆ. ಆಯಿ ಹಗ್ಗ ಬಿಡುವಾಗ ಕೊಡ ನೀರಿಗೆ ತಾಕಿದ ಸಪ್ಪಳ ಕೇಳುತ್ತಿರಲಿಲ್ಲ. ತೋಪಿನ ನಳಿಗೆಯಲ್ಲಿ ಇರುವೆ, ಜೇಡ, ಗುಬ್ಬಿ, ಒಮ್ಮೊಮ್ಮೆ ಒಂದು ಹಲ್ಲಿ ಸಂಸಾರ ಹೂಡಿರುತ್ತಿದ್ದವು. ನವಮಿಗೆ ವಾರವಿರುವಾಗಲೇ ಆಯಿ ನವಿಲುಗರಿಯ ಕುಂಚ ಹಿಡಿದು ಒಂದೊಂದನ್ನೇ ಹೊರಗೆ ಕರೆಯುತ್ತಿದ್ದಳು. ಆಮೇಲೆ ನಳಿಗೆ ಬಿಸಿಲಿಗೆ ಬಾಯಿ ತೆರೆದು ಬಿದ್ದಿರುತ್ತಿತ್ತು. ತೋಪು ಹಾರಿಸುವ ಹಳೆಯ ಗೋಲಂದಾಜರು ಒಳಗೆ ಹುಲ್ಲು ಸುಟ್ಟು ತೇವ ತೆಗೆಯುತ್ತಿದ್ದರಂತೆ. ನಮ್ಮಲ್ಲಿ ಬೆಂಕಿ ಹಾಕುತ್ತಿರಲಿಲ್ಲ. ಎಲ್ಲೋ ಒಂದು ಇರುವೆ ಉಳಿದಿರಬಹುದು.

ನಾನು ಹೇಳುತ್ತಿರುವುದು ದೂರದಲ್ಲಿ ದೊಡ್ಡ ಯುದ್ಧ ನಡೆದಿದ್ದ ವರ್ಷದ ಮಾತು. ಸೀಮೆಎಣ್ಣೆ ಸಿಗುತ್ತಿರಲಿಲ್ಲ. ನಮಗೆ ಅದರಿಂದ ಏನೂ ಆಗಲಿಲ್ಲ. ಹೊತ್ತು ಮುಳುಗುವ ಮೊದಲೇ ಉಂಡು ದೀಪವಿಲ್ಲದೆ ಕೂರುವ ಮನೆ ನಮ್ಮದು. ಭಾದ್ರಪದದಲ್ಲಿ ನಮ್ಮ ದಶಲಕ್ಷಣ ಪರ್ವ ಶುರುವಾಗಿ, ಆಯಿ ಒಂದು ಹೊತ್ತಿನ ಊಟದ ವ್ರತ ಹಿಡಿದಿದ್ದಾಗ, ಸಂಸ್ಥಾನದ ದಫ್ತರದಿಂದ ಒಬ್ಬ ಕಾರಕೂನರು ಕುದುರೆ ಟಾಂಗಾದಲ್ಲಿ ಬಂದು ಇಳಿದರು. ತೆಳ್ಳಗಿನ ಮನುಷ್ಯ, ಕೊಡೆಯನ್ನು ಮಗುವಿನಂತೆ ಎದೆಗೆ ಒರಗಿಸಿಕೊಂಡಿದ್ದರು. ಪಡಸಾಲೆಯಲ್ಲಿ ಕೂತು ಅವರು ಅಪ್ಪನಿಗೆ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಅವ್ವ ನನ್ನನ್ನು ಅವರಿಗೆ ಬೀಸಣಿಗೆ ಬೀಸಲು ನಿಲ್ಲಿಸಿದ್ದಳು.

“ಪಾಯಪ್ಪನವರ, ಎರಡು ಹುಕುಂ ಬಂದಾವ. ಒಂದು, ಚಾಕರಿ ಮಾನ್ಯದ ತನಿಖೆ. ತೋಪು ಹಾರಿದ್ರ ಚಾಕರಿ ನಡದದ ಅಂತ ಅರ್ಥ. ಹಾರಲಿಲ್ಲಂದ್ರ ಹೊಲ ಸರಕಾರಕ್ಕ ಜಮಾ.”

“ಹಾರತೈತ್ರಿ. ವರ್ಷಾ ಹಾರಸ್ತೀವ್ರಿ,” ಎಂದ ಅಪ್ಪ.

“ಅದ ತ್ರಾಸ ನೋಡ್ರಿ. ಎರಡನೇ ಹುಕುಂ ಏನಂದ್ರ, ಲಡಾಯಿ ನಡದದ, ಹಾರೋ ಹತ್ಯಾರ ಯಾವುದೂ ಖಾಸಗಿ ಮನ್ಯಾಗ ಇರಬಾರದು. ಹಾರತದ ಅಂದ್ರ ತೋಪು ಜಪ್ತ. ತೋಪು ಇಲ್ಲಂದಮ್ಯಾಲ ಚಾಕರಿ ಎಲ್ಲಿ? ಹೊಲ ಜಮಾ.”

ಅಪ್ಪ ಎರಡು ಬೆರಳು ಮಡಚಿದ.

“ಹಾರಿದ್ರೂ ಜಮಾ, ಹಾರದಿದ್ರೂ ಜಮಾ ಅಂದಂಗ ಆತ್ರಿ.”

“ಅದಕ್ಕ ನಾ ಒಂದು ಹಾದಿ ಹುಡುಕೇನಿ. ಮುಂಜಾನೆ ಹಾರಸೂದು. ಚಾಲೂ ಅಂತ ಬರೀತೀನಿ. ಸಂಜಿಮುಂದ ನಾದುರುಸ್ತ ಅಂತ ಬರೀತೀನಿ. ಹಾರಿದ ತೋಪು ದಣದು ಕೆಟ್ಟಿತು, ಇನ್ನ ಹಾರೂದಿಲ್ಲ. ಎರಡೂ ಹುಕುಂ ಪಾಲಿಸಿದಂಗ ಆತು. ಆದರ ಒಂದ ಸಲ ನನ್ನ ಕಣ್ಣಮುಂದ ಹಾರಲೇಬೇಕು ನೋಡ್ರಿ. ಸುಳ್ಳು ಬರದು ರೂಢಿ ಇಲ್ಲ ನನಗ.”

ಇದನ್ನು ಅವರು ನಗದೆ ಹೇಳಿದರು. ಒಳ್ಳೆಯ ಮನುಷ್ಯ ಎಂದು ಅವ್ವ ಕೊನೆಯವರೆಗೂ ಹೇಳುತ್ತಿದ್ದಳು. ಅಂದು ಮಧ್ಯಾಹ್ನವೇ ಹಾರಿಸಿ ಹೊರಡುವುದೆಂದು ಎಲ್ಲರೂ ಹುಡೇವು ಹತ್ತಿದರೆ ನಳಿಗೆಯೊಳಗೆ ಗುಬ್ಬಿಯ ಗೂಡು, ಗೂಡಿನಲ್ಲಿ ರೆಕ್ಕೆ ಬಲಿಯದ ಮರಿಗಳು. ಆಯಿ ತೋಪಿನ ಬಾಯಿಗೆ ಅಡ್ಡ ನಿಂತುಬಿಟ್ಟಳು. ವ್ರತದ ದಿನಗಳಲ್ಲಿ ಅವಳು ಎದ್ದು ನಿಂತರೆ ತೂಗಾಡುತ್ತಿದ್ದಳು, ಅಂದು ತೂಗಾಡಲಿಲ್ಲ.

“ಮರಿ ಹಾರಿಹೋಗಲಿ ಸಾಹೇಬ್ರ. ಆಮ್ಯಾಲ ನಿಮ್ಮ ತೋಪ ಹಾರಸ್ರಿ.”

“ಅಮ್ಮಾರ, ದಫ್ತರದಾಗ ಏನಂತ ಬರೀಲಿ? ತೋಪಿಗೆ ಬಾಣಂತನ ಅಂತ ಬರೀಲೇನು?”

“ಖರೆ ಅದನ್ನ ಬರೀರಿ. ಸುಳ್ಳು ಬರದು ರೂಢಿ ಇಲ್ಲಂದ್ರಲ್ಲ.”

ಹೀಗೆ ಕಾರಕೂನರು ನಮ್ಮ ಮನೆಯಲ್ಲಿ ಉಳಿದರು. ಆ ದಿನಗಳು ಈಗ ನೆನೆದರೆ ನೀರಿನ ಕೆಳಗೆ ನಡೆದಂತೆ ತೋರುತ್ತವೆ. ಮೋಡ ಕವಿದ ಬೆಳಕು, ಹೊಳೆಯ ಕಡೆಯಿಂದ ಒದ್ದೆ ಗಾಳಿ, ಬೆಳಿಗ್ಗೆ ಬಸದಿಯ ಗಂಟೆ. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಬಟಾಟಿ ಯಾವುದೂ ಇಲ್ಲದ ಊಟವನ್ನು ಅವರು ಸಂಜೆಯ ಬೆಳಕಿರುವಾಗಲೇ ಮುಗಿಸಿ, ಇನ್ನೂ ಹಸಿದವರಂತೆ ಕತ್ತಲಾಗುವುದನ್ನು ನೋಡುತ್ತಿದ್ದರು. ಹಗಲೆಲ್ಲ ತೋಪಿನ ವಿವರ ತುಂಬುತ್ತಿದ್ದರು. ಯಾವ ಯಾವ ಲಡಾಯಿಯಲ್ಲಿ ಹಾರಿದೆ ಎಂದು ಒಂದು ಕಲಮು. ಯಾವುದರಲ್ಲೂ ಇಲ್ಲ ಎಂದ ಅಪ್ಪ. ಯಾವ ಶತ್ರುವಿನ ಮೇಲೆ ಎಂದು ಇನ್ನೊಂದು. ಶತ್ರು ಇಲ್ಲ ಎಂದ. ಆ ಜಾಗ ಖಾಲಿ ಬಿಡಲು ಬರುವುದಿಲ್ಲ ಎಂದು ಕಾರಕೂನರು ಬಹಳ ಯೋಚಿಸಿ, “ಶತ್ರು ಬರಬೇಕಾಗಿದೆ” ಎಂದು ಬರೆದು ಓದಿ ತೋರಿಸಿದರು. ನಡುನಡುವೆ ಹುಡೇವು ಹತ್ತಿ ಬಗ್ಗಿ ನೋಡಿ ಬರುತ್ತಿದ್ದರು. ಇಂದು ಪುಕ್ಕ ಬಂದಿವೆ, ಇಂದು ಒಂದು ಹೊರಗೆ ಇಣುಕಿತು ಎಂದು ಮೊದಲು ಸುದ್ದಿ ತರುತ್ತಿದ್ದವರು ಅವರೇ.

ಸುದ್ದಿ ಬನಹಟ್ಟಿಗೂ ಮುಟ್ಟಿತು. ಅಲ್ಲಿನ ಅರಿವೆ ವ್ಯಾಪಾರಿ ಗುರುಪಾದಪ್ಪ ಸಾವಕಾರರು ತಮ್ಮ ಧೋತರಗಳಿಗೆ ಹೊಸ ಛಾಪು ಹುಡುಕುತ್ತಿದ್ದರು. ಆನೆ, ಹುಲಿ, ನವಿಲು, ಗಡಿಯಾರ ಎಲ್ಲವನ್ನೂ ಬೇರೆ ಅಂಗಡಿಯವರು ಹಿಡಿದುಬಿಟ್ಟಿದ್ದರು. ತೋಪಿನ ಛಾಪು ಇನ್ನೂ ಯಾರದೂ ಆಗಿರಲಿಲ್ಲ. ಮರಿಗಳು ಹಾರಿಹೋದ ಮರುದಿನ ಬೆಳಿಗ್ಗೆ ಅವರು ಮೂರು ಕಾಲಿನ ಕ್ಯಾಮೆರಾ ಹೊತ್ತ ಫೋಟೋದವನನ್ನು ಕರೆದುಕೊಂಡು ಬಂದಿಳಿದರು. ಅಪ್ಪನನ್ನು ಸುತ್ತ ತಿರುಗಿ ನೋಡಿ, ಸಾಲದು ಎಂಬಂತೆ ತಲೆಯಾಡಿಸಿದರು. ಅಪ್ಪನದು ಸಣ್ಣ ಮೈ, ಮೀಸೆ ಇದ್ದೂ ಇಲ್ಲದಂತೆ. ತಾವೇ ತಂದಿದ್ದ ಕೆಂಪು ಪಟಕಾವನ್ನು ತಲೆಗೆ ಸುತ್ತಿಸಿದರು. ಬೆಂಡಿಗೆ ಬೇಗಡೆ ಹಚ್ಚಿದ ಒಂದು ನಾಟಕದ ಕತ್ತಿ ಸಿಕ್ಕಿಸಿದರು. ಅವ್ವನಿಂದ ಕಾಡಿಗೆ ಇಸಿದುಕೊಂಡು ಮೀಸೆಯನ್ನು ಕಿವಿಯವರೆಗೆ ಎಳೆದರು.

“ಬೆಂಕಿ ಬಂದಾಗ ಕಣ್ಣ ಮುಚ್ಚಬ್ಯಾಡ್ರಿ ಪಾಯಪ್ಪಣ್ಣಾ. ಕಣ್ಣ ಮುಚ್ಚಿದ ಸರದಾರನ ಧೋತರ ಯಾರ ಕೊಳ್ತಾರು?”

ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅಪ್ಪನೂ ನಕ್ಕ. ಆ ಮೀಸೆಯಲ್ಲಿ ಅವನ ನಗು ಬೇರೆ ಯಾರದೋ ಮುಖದಲ್ಲಿ ಬಂದಂತೆ ಇತ್ತು.

ಇನ್ನು ಮುಂದಿನದನ್ನು ನಿಧಾನವಾಗಿ ಬರೆಯಬೇಕು. ನಾನು ಕಂಡದ್ದಷ್ಟನ್ನೇ, ಕಂಡ ಕ್ರಮದಲ್ಲಿ. ಮರಿಗಳು ಹೋದ ಮೇಲೆ ಗೂಡಿನಲ್ಲಿ ಸಣ್ಣ ಕೂರೆಗಳು ಉಳಿದಿದ್ದವು, ಇರುವೆಗಳು ಸಾಲುಗಟ್ಟಿದ್ದವು. ನವಮಿಯಾಗಿದ್ದರೆ ಕುಂಚದಿಂದ ಕರೆಯಲು ವಾರವಿತ್ತು, ಆಮೇಲೆ ಬಿಸಿಲಿತ್ತು. ಈಗ ಎರಡೂ ಇರಲಿಲ್ಲ. ಹಿಂದಿನ ಸಂಜೆ ದಫ್ತರದಿಂದ ಆಳು ಬಂದು, ನಾಳೆ ಹಾರದಿದ್ದರೆ ಹಾರುವುದಿಲ್ಲವೆಂದೇ ಬರೆದು ತಿರುಗಿ ಬರತಕ್ಕದ್ದು ಎಂದು ಕಾರಕೂನರಿಗೆ ತಾಕೀತು ಮುಟ್ಟಿಸಿ ಹೋಗಿದ್ದ. ಅಂದು ಸಾವಕಾರರು ಬರುವ ಮೊದಲೇ, ಬೆಳಕು ಹರಿಯುವ ಹೊತ್ತಿಗೆ ಆಯಿ ಒಬ್ಬಳೇ ಹುಡೇವಿನ ಮೇಲಿದ್ದಳು. ನಾನು ಅವಳ ತಂಬಿಗೆ ಹಿಡಿದು ಹಿಂದೆ ಹೋಗಿದ್ದೆ. ಅವಳು ಖಾಲಿ ಗೂಡನ್ನು ಹೊರಗಿಟ್ಟು, ಗಾಳಿಸಿದ ನೀರನ್ನು ತೋಪಿನ ಬಾಯಿಂದ ಒಳಗೆ ಹೊಯ್ದು, ತೋಪಿನ ಬಂಡಿಯ ಹಿಂಬದಿಗೆ ಕಲ್ಲು ಕೊಟ್ಟು ನಳಿಗೆಯನ್ನು ಮುಂದಕ್ಕೆ ಬಾಗಿಸಿ, ಹೊರಬಂದ ನೀರನ್ನು ಅರಿವೆಯಲ್ಲಿ ಹಿಡಿದು, ಇರುವೆಗಳನ್ನು ಬೇವಿನ ಬುಡಕ್ಕೆ ಒಯ್ದು ಬಿಟ್ಟಳು. ಮತ್ತೆ ಹೊಯ್ದಳು, ಮತ್ತೆ ಒಯ್ದಳು. ಒಂದೂ ಉಳಿಯಲಿಲ್ಲ ಎಂದು ಖಾತ್ರಿಯಾದ ಮೇಲೆ ಬರಿಯ ನಳಿಗೆಗೆ ಕೈ ಮುಗಿದಳು. ಮಾಡದ ಗಡಿಗೆಗಳಿಗೆ ಹಸಿ ಕೈ ಹಚ್ಚಬಾರದೆಂದು ದಿನವೂ ಹೇಳುತ್ತಿದ್ದ ಆಯಿಗೆ ಅಂದು ಅದು ಹೊಳೆಯಲಿಲ್ಲ. ಅವಳ ಕಣ್ಣಿಗೆ ತೋಪು ಕಂಡಿರಲಿಲ್ಲ, ಒಂದು ಗೂಡು ಕಂಡಿತ್ತು ಎಂದು ಈಗ ಅನ್ನಿಸುತ್ತದೆ.

ಅಪ್ಪ ಮದ್ದಿನ ಗಡಿಗೆ ಹಿಡಿದು ಮೇಲೆ ಬಂದ. ಹಾಕುವ ಮೊದಲು ನಳಿಗೆಯೊಳಗೆ ಭುಜದವರೆಗೆ ಕೈ ಹಾಕಿ ನೋಡಿದ. ಕೈ ಹೊರಗೆ ತೆಗೆದಾಗ ಬೆರಳುಗಳು ಒದ್ದೆಯಾಗಿದ್ದವು. ನಾನು ಮಗ್ಗುಲಲ್ಲೇ ಇದ್ದೆ, ಬೆರಳ ತುದಿಯ ಹನಿ ಕಂಡಿತು. ಅಪ್ಪ ಬೆರಳುಗಳನ್ನು ನೋಡಿದ. ಆಯಿಯನ್ನು ನೋಡಿದ. ಆಯಿ ಖಾಲಿ ಅರಿವೆಯನ್ನು ಮಡಚಿಕೊಳ್ಳುತ್ತಿದ್ದಳು; ಆ ವ್ರತದ ದಿನಗಳಲ್ಲಿ ಅವಳ ಮುಖ ಅಷ್ಟು ನಿರಾಳವಾಗಿದ್ದದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ಅಪ್ಪ ಕೆಳಗೆ ಅಂಗಳದಲ್ಲಿ ಕೊಡೆ ಹಿಡಿದು ನಿಂತ ಕಾರಕೂನರನ್ನು ನೋಡಿದ. ಕೈಯನ್ನು ಧೋತರಕ್ಕೆ ಒರೆಸಿಕೊಂಡ.

“ಆತು ಆಯಿ. ಛಲೋ ಆಗೇತಿ,” ಎಂದ.

ಅವನು ಹುಲ್ಲು ಸುಡಬಹುದಿತ್ತು. ಹೊಟ್ಟೆಗಿಲ್ಲದ ತಾಯಿ ಒಂದೊಂದು ಇರುವೆಯನ್ನು ಹೊತ್ತು ಇಳಿಸಿದ ಜಾಗದಲ್ಲಿ ಅವಳೆದುರಿಗೆ ಬೆಂಕಿ ಹಾಕಬೇಕಾಗುತ್ತಿತ್ತು. ಅವನು ನಾಳೆ ಎನ್ನಬಹುದಿತ್ತು, ಹೊಲ ಹೋಗುತ್ತಿತ್ತು. ತನ್ನ ಅಂಗವಸ್ತ್ರವನ್ನು ಮದ್ದು ಜಡಿಯುವ ಗಜಕೋಲಿನ ತುದಿಗೆ ಸುತ್ತಿ ಒಳಗೆ ಎರಡು ಸಲ ಎಳೆದ. ಅಷ್ಟೇ ಮಾಡಲು ಆದದ್ದು. ಮದ್ದು ಹಾಕಿದ, ಅರಿವೆಯ ಉಂಡೆ ಜಡಿದ. ಹಿಂಬದಿಯ ತೂತಿಗೆ ಒಣ ಮದ್ದು ಉದುರಿಸಿದ. ಆಯಿ, ಅವ್ವ, ನಾನು ಮೆಟ್ಟಿಲ ಹತ್ತಿರಕ್ಕೆ ಸರಿದೆವು. ಫೋಟೋದವನು ಕರಿ ಬಟ್ಟೆಯೊಳಗೆ ತಲೆ ಹಾಕಿದ. ಅಪ್ಪ ಉದ್ದ ಕೋಲಿನ ಬತ್ತಿ ಇಟ್ಟ.

ತೂತಿನ ಮೇಲಿನ ಮದ್ದು ಭುಸ್ಸೆಂದು ಉರಿಯಿತು. ತೋಪು ಹಾರಲಿಲ್ಲ. ಎಲ್ಲರೂ ನಿಂತೇ ಇದ್ದೆವು. ಹೊಳೆಯ ಆಚೆ ಯಾರೋ ಎತ್ತಿಗೆ ಕೂಗು ಹಾಕಿದ್ದು ಕೇಳಿತು. ಆಮೇಲೆ ನಳಿಗೆಯ ಒಳಗಿನಿಂದ ಸಣ್ಣಗೆ, ತಡೆದು ತಡೆದು, ಚಿಂವ್ ಚಿಂವ್ ಎಂಬಂತೆ ಒಂದು ಸಪ್ಪಳ ಬಂತು. ಒದ್ದೆ ಮದ್ದು ಒಳಗೊಳಗೆ ಹೊಗೆಯಾಡುವ ಸಪ್ಪಳ ಅದು ಎಂದು ಈಗ ಗೊತ್ತು. ಅಂದು ಆಯಿ ಮೆಟ್ಟಿಲ ಹತ್ತಿರದಿಂದ ಕೂಗಿದಳು.

“ಪಾಯಾ, ಒಂದ ಮರಿ ಉಳದೈತಿ. ನೋಡೊ, ಒಂದ ಉಳದೈತಿ ಒಳಗ.”

ಮರಿ ಇಲ್ಲವೆಂದು ಅಪ್ಪನಿಗೆ ಗೊತ್ತಿತ್ತು. ಭುಜದವರೆಗೆ ಕೈ ಹಾಕಿ ನೋಡಿದ್ದ. ಆದರೂ ತಾಯಿ ಕೇಳಿದಳೆಂದು, ಬಾಯಿಯ ಎದುರಿಗೆ ಹೋಗದೆ, ಹಿಂಬದಿಯಲ್ಲಿ ಮಂಡಿಯೂರಿ, ನಿದ್ದೆ ಹೋದ ಮಗುವಿನ ಉಸಿರು ಕೇಳುವವನಂತೆ ತಲೆ ಓರೆ ಮಾಡಿ ತೂತಿನ ಹತ್ತಿರ ಕಿವಿ ತಂದ. ಆ ಮೀಸೆ, ಆ ಕೆಂಪು ಪಟಕಾ. ಆಗ ತೋಪು ಹಾರಿತು.

ಸದ್ದು ನನಗೆ ನೆನಪಿಲ್ಲ. ಆಮೇಲಿನ ನಿಶ್ಶಬ್ದ ನೆನಪಿದೆ. ಹುಡೇವಿನ ಮೇಲೆಲ್ಲ ಬಿಳಿ ಹೊಗೆ, ಅದರೊಳಗಿಂದ ನೀರು ಗಾಳಿಸುವ ಅರಿವೆಯ ಚೂರುಗಳು ಉರಿಯುತ್ತ ಮೆಲ್ಲಗೆ ಇಳಿಯುತ್ತಿದ್ದವು. ಅಪ್ಪ ಕೂತೇ ಇದ್ದ. ಕೆನ್ನೆ ಕಪ್ಪಾಗಿತ್ತು, ಕಿವಿಯಿಂದ ರಕ್ತ ಎಳೆಯಾಗಿ ಇಳಿದಿತ್ತು, ಧೋತರದಲ್ಲಿ ಅಲ್ಲಲ್ಲಿ ತೂತು. ಅವನ ಬಾಯಿ ಅಲ್ಲಾಡುತ್ತಿತ್ತು. ಮೊದಲ ಮಾತಾಗಿ ಅವನು ಕೂಗಿದ್ದು, “ಸಾಹೇಬ್ರ, ಹಾರಿತಿಲ್ರಿ?” ಎಂದು. ಕಾರಕೂನರು ಕೆಳಗಿನಿಂದ ಹೌದು ಹೌದು ಎಂದು ಕೈ ಮುಗಿಯುತ್ತಿದ್ದರು. ಅಪ್ಪನಿಗೆ ಕೇಳಲಿಲ್ಲ. ಆ ದಿನದ ಮೇಲೆ ಅವನಿಗೆ ಏನೂ ಕೇಳಲಿಲ್ಲ. ತೋಪಿನ ಹಿಂಬದಿ ತೂತಿನಿಂದ ಉದ್ದಕ್ಕೆ ಬಿರುಕು ಬಿಟ್ಟಿತ್ತು; ಸಂಜೆ ನಾದುರುಸ್ತ ಎಂದು ಬರೆಯಲು ಕಾರಕೂನರು ಸುಳ್ಳು ಹೇಳಬೇಕಾಗಲಿಲ್ಲ. ಬರೆಯುವಾಗ ಅವರು ಅತ್ತರು.

ಆಮೇಲೆ ಒಂದು ಸಲ ಅದೇ ಮಾನ್ಯದ ತನಿಖೆಗೆಂದು, ಕಿವುಡಾದದ್ದನ್ನೂ ವಿಚಾರಿಸಲು, ಅಪ್ಪನನ್ನು ದಫ್ತರಕ್ಕೆ ಕರೆಸಿದರು. ಅವ್ವನೂ ನಾನೂ ಹೊರಗೆ ಬೇವಿನ ನೆರಳಿಗೆ ಕೂತೆವು; ಹೆಂಗಸರನ್ನು ಒಳಗೆ ಬಿಡಲಿಲ್ಲ. ಪಟ್ಟೆವಾಲಾ, ಅಂದರೆ ದಫ್ತರದ ಜವಾನ, ಬಾಗಿಲಿಗೆ ಬಂದು ಮೂರು ಸಲ ಅಪ್ಪನ ಹೆಸರು ಕೂಗಿದನಂತೆ. ಅಪ್ಪ ಅವನ ಎದುರಿನ ಬಾಕಿನ ಮೇಲೆಯೇ ಕೂತು, ತನ್ನನ್ನು ಯಾವಾಗ ಕೂಗುತ್ತಾರೋ ಎಂದು ಕಾಯುತ್ತಿದ್ದ. ಕಿವುಡಾದ ಬಗ್ಗೆ ವಿಚಾರಣೆಗೆ ಬಂದವನನ್ನು ಗೈರುಹಾಜರು ಎಂದು ಬರೆದುಕೊಂಡರು. ಹೀಗೆ ತನಿಖೆ ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಹೋಯಿತು. ತನಿಖೆ ಮುಗಿಯುವ ಮೊದಲೇ ಸಂಸ್ಥಾನ ಮುಗಿಯಿತು. ಹೊಲ ನಮ್ಮಲ್ಲೇ ಉಳಿಯಿತು.

ಸಾವಕಾರರು ಫೋಟೋದ ದಿನ ಕೊಟ್ಟ ಮಾತಿಗೆ ತಪ್ಪಲಿಲ್ಲ. ದೀಪಾವಳಿಗೆ ಒಂದು ಜೋಡಿ ಧೋತರ ಕಳಿಸಿದರು. ಅಂಚಿನಲ್ಲಿ ನೀಲಿ ಮಸಿಯ ತೋಪಿನ ಛಾಪು, ಅದರ ಮೇಲೆ ಬಣ್ಣದ ಚೀಟಿ. ಫೋಟೋದವನು ಗುಂಡಿ ಒತ್ತಿದ್ದು ಅಪ್ಪ ಕಿವಿಗೊಟ್ಟ ಗಳಿಗೆಯಲ್ಲಿ. ಚಿತ್ರ ಬರೆದವನು ಅದಕ್ಕೆ ಒಂದು ಕೋಟೆ, ಒಂದು ಆನೆ, ಒಂದು ರಾಶಿ ಗುಂಡು ಸೇರಿಸಿದ್ದ. ದೊಡ್ಡ ಮೀಸೆಯ ಸರದಾರ ತೋಪಿಗೆ ತಲೆಬಾಗಿ ನಮಸ್ಕರಿಸುತ್ತಿದ್ದ. ಕೆಳಗೆ ದಪ್ಪ ಅಕ್ಷರದಲ್ಲಿ, “ತೋಪಿಗೂ ಹರಿಯದ ಧೋತರ.” ಅಪ್ಪ ಚೀಟಿಯನ್ನು ಬಹಳ ಹೊತ್ತು ನೋಡಿ ನಕ್ಕ. ತನ್ನ ನಗು ತನಗೆ ಕೇಳದವರು ನಗುವಂತೆ, ಬಹಳ ದೊಡ್ಡದಾಗಿ. ಒಂದು ಧೋತರವನ್ನು ಅವನು ಉಟ್ಟ. ಇನ್ನೊಂದನ್ನು ಆಯಿ ಕತ್ತರಿಸಿ ನೀರು ಗಾಳಿಸುವ ಅರಿವೆ ಮಾಡಿದಳು. ಎಷ್ಟು ಒಗೆದರೂ ನೀಲಿ ತೋಪು ಹೋಗಲಿಲ್ಲ. ಕೊಡದ ಬಾಯಿಗೆ ಅರಿವೆ ಕಟ್ಟಿ ಮೇಲಿನಿಂದ ನೀರು ಹೊಯ್ದಾಗ ಅದು ನಡುವೆ ತಗ್ಗಿ, ತುಂಬಿ, ಮಸುಕಾಗುತ್ತಿತ್ತು.

ಅಪ್ಪನ ಬೆರಳು ಒದ್ದೆಯಾಗಿದ್ದದ್ದನ್ನು ನೋಡಿದವಳು ನಾನೊಬ್ಬಳೇ ಎಂದು ತಿಳಿದಿದ್ದೆ. ಆಯಿ ಆ ಬಗ್ಗೆ ಯಾರನ್ನೂ ಏನೂ ಕೇಳಲಿಲ್ಲ. ಗುಬ್ಬಿಗಳು ಬಿರುಕುಬಿಟ್ಟ ನಳಿಗೆಗೆ ತಿರುಗಿ ಹುಲ್ಲು ಒಯ್ಯತೊಡಗಿದ ಮೇಲೆ, ಒಂದು ಬೆಳಿಗ್ಗೆ ನಾನು ಹಲ್ಲುಜ್ಜುತ್ತ ಬಾವಿಯ ಕಟ್ಟೆಯ ಮೇಲೆ ಕೂತಿದ್ದಾಗ ಕಂಡದ್ದು ಇದು. ಅಪ್ಪ ಹೊಲಕ್ಕೆ ಬುತ್ತಿ ಒಯ್ಯುವ ತಾಮ್ರದ ಡಬ್ಬಿಯನ್ನು ಆಯಿ ತೊಳೆದಳು. ಒಣ ಅರಿವೆಯಿಂದ ಒಳಗೆಲ್ಲ ಒರೆಸಿದಳು. ಆಮೇಲೆ ತನ್ನ ಕೈಯನ್ನು ಮಣಿಕಟ್ಟಿನವರೆಗೆ ಒಳಗೆ ಹಾಕಿ, ಸುತ್ತಲೂ ಆಡಿಸಿ, ಹೊರಗೆ ತೆಗೆದು, ಒಣ ಅಂಗೈಯನ್ನು ಅಪ್ಪನ ಎದುರಿಗೆ ಹಿಡಿದಳು. ಮಾತಾಡಿದ್ದರೂ ಅವನಿಗೆ ಕೇಳುತ್ತಿರಲಿಲ್ಲ. ಅಪ್ಪ ಅವಳ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ.

“ಆತು ಆಯಿ. ಛಲೋ ಆಗೇತಿ,” ಎಂದ. ಓಣಿಯ ಆಚೆ ತುದಿಗೂ ಕೇಳುವಂತೆ.

ಆಯಿ ಇರುವ ತನಕ ಅದು ಪ್ರತಿ ದಿನ ಬೆಳಿಗ್ಗೆ ನಡೆಯಿತು.